ಚಹಾ ಬಿಟ್ಟ ಸೊಸೆ

ಶೇಖರಮ್ಮ ಹುಟ್ಟಿ ಬೆಳೆದದ್ದು ಲಿಂಗಸುಗೂರಿನ ಹೋಟೆಲ್ ಮನೆಯಲ್ಲಿ. ತಹಸೀಲ್ ಕಚೇರಿಯ ಎದುರಿಗೆ ಅವಳ ಅಪ್ಪ ದೊಡ್ಡಬಸಪ್ಪನ ಚಹಾದ ಹೋಟೆಲಿತ್ತು, ಅದರ ಬೆನ್ನಿಗೇ ಮನೆ. ಮೊದಲ ಬಸ್ಸಿಗೆ ಬಂದಿಳಿದ ರೈತರು, ಕಚೇರಿಯ ಗುಮಾಸ್ತರು, ಅರ್ಜಿ ಬರೆದುಕೊಡುವವರು ಎಲ್ಲರೂ ಅಲ್ಲೇ ಬಂದು ಕೂಡುತ್ತಿದ್ದರು. ತಾಯಿಯಿಲ್ಲದ ಹುಡುಗಿಗೆ ಬಶಿಯಲ್ಲಿ ಚಹಾ ಆರಿಸಿ, ಅದರಲ್ಲಿ ಬಟರ್ ಬಿಸ್ಕೀಟು ಅದ್ದಿ ತಿನ್ನಿಸಿ ದೊಡ್ಡವಳನ್ನಾಗಿ ಮಾಡಿದವನು ಅಪ್ಪ. ಹಸಿವಾದರೂ ಚಹಾ, ಅತ್ತರೂ ಚಹಾ. ಹೀಗಾಗಿ 1983ರಲ್ಲಿ ಮಸ್ಕಿಯ ಕಿರಾಣಿ ಅಂಗಡಿಯ ಅಮರಗುಂಡಪ್ಪನಿಗೆ ಅವಳನ್ನು ಮದುವೆ ಮಾಡಿ ಕೊಟ್ಟಾಗ, ಸೊಸೆಗೆ ಚಹಾದ ಚಟ ಬಹಳ ಅನ್ನುವುದು ಬಂದ ವಾರದಲ್ಲೇ ಅತ್ತೆ ಅಂಬಮ್ಮನಿಗೆ ತಿಳಿಯಿತು. ಆಗ ಅಂಬಮ್ಮ ನಕ್ಕಿದ್ದಳು. ಅವಳಿಗೂ ಚಹಾ ಬೇಕಾಗಿತ್ತು. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಕೂತು ಸುರ್ರೆಂದು ಕುಡಿಯುತ್ತಿದ್ದ ದಿನಗಳೂ ಇದ್ದವು.

ನಾಲ್ಕು ವರ್ಷ, ಐದು ವರ್ಷ ಅಂತ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಅಂಬಮ್ಮ ಸೋಮವಾರ ಉಪವಾಸ ಹಿಡಿಸಿದಳು, ಮಲ್ಲಯ್ಯನ ಗುಡ್ಡ ಹತ್ತಿಸಿದಳು, ಅಯ್ಯನೋರ ಕೈಯಿಂದ ತಾಯತ ಕಟ್ಟಿಸಿದಳು. ಯಾರೋ ಹೇಳಿದ ಬೇರು, ಯಾರೋ ಕೊಟ್ಟ ಪುಡಿ ಎಲ್ಲವನ್ನೂ ಶೇಖರಮ್ಮ ನುಂಗಿದಳು. ಪ್ರತಿ ತಿಂಗಳು ಹೊರಗೆ ಕೂಡುವ ದಿನ ಬಂದಾಗ ಅತ್ತೆ ಏನೂ ಅನ್ನುತ್ತಿರಲಿಲ್ಲ. ಬುಟ್ಟಿಯ ರೊಟ್ಟಿಯನ್ನು ದೂರದಿಂದಲೇ ಸರಿಸುವ ರೀತಿಯಲ್ಲೇ ಎಲ್ಲಾ ಗೊತ್ತಾಗುತ್ತಿತ್ತು.

ಲಿಂಗಸುಗೂರಿನ ದವಾಖಾನೆಗೆ ತೋರಿಸೋಣ ಅಂದವನು ದೊಡ್ಡಬಸಪ್ಪ. ಅಲ್ಲಿ ಧಾರವಾಡದ ಕಡೆಯ ಡಾಕ್ಟರಮ್ಮ ಒಬ್ಬಳು ಸ್ವಂತ ದವಾಖಾನೆ ಇಟ್ಟಿದ್ದಳು. ಅಳಿಯ ಮಗಳು ಇಬ್ಬರನ್ನೂ ಅಪ್ಪನೇ ಅಲ್ಲಿಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟು ಬಂದ.

ಡಾಕ್ಟರಮ್ಮ ಶೇಖರಮ್ಮನನ್ನು ಪರೀಕ್ಷೆ ಮಾಡಿ, ಮೇಲಿಂದ ಮೇಲೆ ಪ್ರಶ್ನೆ ಕೇಳಿದಳು. ಮುಟ್ಟು ಸರಿಯಾಗಿ ಆಗತೈತೇನು, ಹೊಟ್ಟೆ ನೋಯತೈತೇನು, ಊಟ ಏನು, ನಿದ್ದೆ ಹೆಂಗ. ಆಮೇಲೆ ಚಹಾದ ಮಾತು ಬಂತು.

“ದಿನಕ್ಕ ಎಷ್ಟು ಸರ್ತಿ ಕುಡಿತೀಯವಾ?”

ಶೇಖರಮ್ಮ ಸೆರಗು ಬಾಯಿಗೆ ಹಿಡಿದು ಗಂಡನ ಕಡೆ ನೋಡಿದಳು. “ಲೆಕ್ಕ ಇಟ್ಟಿಲ್ರೀ.”

“ಹೋಟ್ಲದವರ ಮಗಳ್ರೀ,” ಅಂದ ಅಮರಗುಂಡಪ್ಪ. “ಎದ್ದಾಗಿಂದ ಒಲಿ ಮ್ಯಾಲಿನ ಬುಗುಣಿ ಇಳಿಯಂಗಿಲ್ಲ.”

“ನೀವು?”

“ಅಂಗಡ್ಯಾಗ ಗಿರಾಕಿ ಬಂದ್ರ ತರಸ್ತೀವ್ರಿ. ಅವರ ಜೋಡಿ ನಾವೂ ಕುಡಿಯೋದ್ರಿ.”

“ಹಂಗಾರ ನಿಮ್ಮದೂ ಕಮ್ಮಿ ಏನಿಲ್ಲ,” ಅಂತ ಡಾಕ್ಟರಮ್ಮ ನಕ್ಕಳು. “ಚಹಾದಾಗ, ಕಾಫಿಯಾಗ ಕೆಫೀನ್ ಅಂತ ಒಂದು ಅಂಶ ಇರತೈತಿ. ಅದು ಅತೀ ಆದ್ರ ಬಸುರು ನಿಲ್ಲೋದು ತಡ ಆಗಬಹುದು ಅಂತ ಈಗೀಗ ಹೊರದೇಶದ ಡಾಕ್ಟರು ಬರ್ಯಾಕತ್ಯಾರ. ಪಕ್ಕಾ ಅಂತ ಇನ್ನೂ ಯಾರೂ ಹೇಳಿಲ್ಲ. ಆದ್ರ ಕಮ್ಮಿ ಮಾಡಿದ್ರ ನಷ್ಟ ಏನಿಲ್ಲಲ್ಲ? ಒಂದೆರಡು ಕಪ್ಪು ಕುಡಿ, ಸಾಕು. ಒಮ್ಮೆಲೆ ಬಿಡಬ್ಯಾಡ ಮತ್ತ, ತಲಿನೋವು ಬರತೈತಿ. ಸಾವಕಾಶ ಇಳಿಸು. ಅದರ ಬದ್ಲಿ ಹೊಟ್ಟಿಗೆ ಚಲೋತ್ನಾಗ ಉಣ್ಣು. ಮೈಯಾಗ ರಕ್ತ ಇಲ್ಲ ನಿಂಗ.”

ರಕ್ತ ತೆಗೆಸಲು ನರ್ಸಮ್ಮನ ಜೊತೆ ಅವಳನ್ನು ಬಾಜೂ ಕೋಣೆಗೆ ಕಳಿಸಿದರು. ಅವಳು ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ ಗಂಡ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಬಾಡಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡಳು. ಮಸ್ಕಿಯವರೆಗೆ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತ.

ಮನೆಗೆ ಬಂದು ಕಾಲು ತೊಳೆಯುವುದರೊಳಗೆ ಅಂಬಮ್ಮ ಕೇಳಿದಳು, “ಏನಂದ್ಳು ಡಾಕ್ಟ್ರಮ್ಮ?”

“ಚಹಾ ಭಾಳ ಆಗೈತಂತ ಈಕಿದು. ಬಿಡಬೇಕಂತ.”

“ಅಷ್ಟನಾ?”

“ಅಷ್ಟ,” ಅಂದ ಅಮರಗುಂಡಪ್ಪ. ವಲ್ಲಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿಬಿಟ್ಟ.

“ಬಿಡು ಅಂದಿಲ್ರಿ ಅತ್ತಿ, ಕಮ್ಮಿ ಮಾಡು ಅಂದಾರ,” ಅಂತ ಶೇಖರಮ್ಮ ಹೇಳಿದ್ದು ಅಂಬಮ್ಮನಿಗೆ ಕೇಳಿಸಲೇ ಇಲ್ಲ. ಇಷ್ಟು ವರ್ಷ ಯಾವ ದೇವರೂ ಯಾವ ಅಯ್ಯನೋರೂ ಹೇಳದ ಕಾರಣ ಅವಳಿಗೆ ಇವತ್ತು ಸಿಕ್ಕಿತ್ತು.

“ಕಾವು ಬೇ, ಕಾವು! ಒಳಗ ಅಷ್ಟು ಕಾವು ಇಟಗೊಂಡ್ರ ಗರ್ಭ ಹೆಂಗ ನಿಲ್ಲತೈತಿ? ಕಣ್ಣ ಮುಂದನ ಇತ್ತು, ನಮಗ ತಿಳೀಲಿಲ್ಲ ನೋಡು.”

ಮರುದಿನದಿಂದ ಸೊಸೆಗೆ ಚಹಾ ಬಂದ್ ಆಯಿತು. ಶೇಖರಮ್ಮನೂ ತಕರಾರು ಮಾಡಲಿಲ್ಲ. ಬಿಟ್ಟರೆ ಮಕ್ಕಳಾಗುವುದಾದರೆ ಚಹಾ ಯಾವ ದೊಡ್ಡ ಮಾತು ಅಂತ ಅವಳಿಗೂ ಅನ್ನಿಸಿತ್ತು. ಆದರೆ ಮೂರನೆಯ ದಿನಕ್ಕೆ ತಲೆ ಎರಡು ಹೋಳಾದಂತೆ ನೋಯತೊಡಗಿತು. ಕಣ್ಣು ತೆರೆಯಲು ಆಗದು, ಹಿಟ್ಟು ನಾದಲು ಆಗದು. ಹಣೆಗೆ ಅರಿವೆ ಬಿಗಿದುಕೊಂಡು ರೊಟ್ಟಿ ಬಡಿದಳು. ನೋವು ಕಮ್ಮಿಯಾಗಲು ಒಂದು ವಾರ ಹಿಡಿಯಿತು. ಅದಾದ ಮೇಲೆ ಉಳಿದದ್ದು ಒಂದು ಬಗೆಯ ದಣಿವು, ಎಷ್ಟು ಮಲಗಿದರೂ ಹೋಗದಂಥದ್ದು.

ಚಹಾ ಮಾಡುವ ಕೆಲಸ ಮಾತ್ರ ಅವಳಿಗೆ ತಪ್ಪಲಿಲ್ಲ. ಅತ್ತೆಗೆ ಮಾಡಬೇಕು, ಅಂಗಡಿಗೆ ಕಳಿಸಬೇಕು, ಮನೆಗೆ ಬಂದ ಬೀಗರಿಗೆ ಕೊಡಬೇಕು. ಹಸಿಶುಂಠಿ ಜಜ್ಜಿ ಹಾಕಿ, ಕುದಿಸಿ, ಸೋಸಿ, ಎಲ್ಲರ ಕೈಗೂ ಕೊಟ್ಟು ತಾನು ಬುಗುಣಿ ತೊಳೆಯಲು ಕೂಡುತ್ತಿದ್ದಳು. ಸಕ್ಕರೆ ಸರಿ ಆಗೈತೋ ಇಲ್ಲೋ ಅಂತ ನಾಲಗೆಗೆ ಹಚ್ಚಿ ನೋಡುವಂತಿರಲಿಲ್ಲ. ಒಮ್ಮೆ ಸಕ್ಕರೆ ಕಮ್ಮಿಯಾಗಿ ಅಂಬಮ್ಮ ಬೈದಾಗ, “ರುಚಿ ನೋಡಾಕ ಬರಂಗಿಲ್ಲಲ್ರಿ,” ಅಂದಳು. ಅತ್ತೆ ಅವತ್ತಿನಿಂದ ತಾನೇ ಸಕ್ಕರೆ ಹಾಕತೊಡಗಿದಳು.

ಮಾತು ಓಣಿಗೆಲ್ಲ ಹಬ್ಬಿತು. ನೀರಿಗೆ ಹೋದಲ್ಲಿ, ಗುಡಿಗೆ ಹೋದಲ್ಲಿ ಹೆಂಗಸರು ಕೇಳುತ್ತಿದ್ದರು. “ಈಗ ಕುಡಿಯಂಗಿಲ್ಲಲ್ಲ ನೀ?” “ಇಲ್ಲವಾ.” “ಕದ್ದು?” ಅಂತ ಕೇಳಿ ನಗುವವರೂ ಇದ್ದರು. ಅವಳ ಹೊಟ್ಟೆಯನ್ನು ನೋಡುತ್ತಿದ್ದವರು ಈಗ ಬಾಯಿಯನ್ನೂ ಮೂಸಿ ನೋಡುವಂತಾದರು.

ವರ್ಷ ಕಳೆಯಿತು. ಏನೂ ಆಗಲಿಲ್ಲ.

ಅಂಬಮ್ಮನ ತವರೂರು ಪಾಮನಕಲ್ಲೂರು. ಅಲ್ಲಿ ಅವಳ ತಮ್ಮನ ಮನೆಯಲ್ಲಿ ಮದುವೆ. ಬಸ್ಸಿನಲ್ಲಿ ನಿಂತು ಹೋದದ್ದಕ್ಕೆ ಶೇಖರಮ್ಮನಿಗೆ ಸಾಕಾಗಿತ್ತು. ಚಪ್ಪರದ ಕೆಳಗೆ ಕೂತಾಗ ಯಾರೋ ಹುಡುಗಿ ಬಂದು ತಾಟಿನಿಂದ ಕಪ್ಪೊಂದನ್ನು ಅವಳ ಕೈಗಿಟ್ಟು ಮುಂದೆ ಹೋದಳು. ಶೇಖರಮ್ಮ ಯೋಚನೆಯೇ ಮಾಡದೆ ಕುಡಿದುಬಿಟ್ಟಳು. ಅರ್ಧ ಕುಡಿದ ಮೇಲೆ ನೆನಪಾಯಿತು. ತಲೆ ಎತ್ತಿದರೆ ಎದುರಿಗೆ ಅತ್ತೆ ನಿಂತಿದ್ದಳು.

ಅಂಬಮ್ಮ ಮಸ್ಕಿಗೆ ಬಂದ ಮೇಲೆ ಪಡಸಾಲೆಯಲ್ಲಿ ಕೂತು ಮಗನನ್ನು ಕರೆಸಿದಳು. “ನನ್ನ ಕಣ್ಣಮುಂದ ಇಷ್ಟು ಧೈರ್ಯ ಮಾಡ್ತಾಳ ಅಂದ್ರ, ಕಣ್ಣಹಿಂದ ಎಷ್ಟು ಕುಡ್ದಿರಬೇಕು? ಒಂದು ವರ್ಷದ ಪಥ್ಯ ನೀರಾಗ ಹೋತು. ಈಕಿಗೆ ಮಕ್ಕಳು ಬೇಕಾಗಿಲ್ಲಪಾ. ಬೇಕಾಗಿದ್ರ ನಾಲಿಗಿ ಹಿಡೀತಿದ್ಲು.” ಆಮೇಲೆ ಸೇರಿಸಿದಳು, “ನನ್ನ ತಮ್ಮಗ ಇನ್ನೊಬ್ಬ ಮಗಳದಾಳ. ಕೊಡಾಕ ಅವನೂ ತಯಾರದಾನ. ಈಕಿನೂ ಇರಲಿ, ಯಾರು ಬ್ಯಾಡ ಅಂತಾರ?”

ಶೇಖರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಅವನು ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. “ನೋಡೂಣ ತಡಿ,” ಅಂದು ಎದ್ದು ಹೋದ.

ಆ ಸಲದ ಪಂಚಮಿಗೆ ಅವಳು ಲಿಂಗಸುಗೂರಿಗೆ ಹೋದಳು. ದೊಡ್ಡಬಸಪ್ಪ ಮಗಳನ್ನು ನೋಡಿದವನೇ ಒಳಗಿನಿಂದ ಚಹಾ ತಂದ. ಅವಳು ಬೇಡವೆಂದಳು. “ಕಮ್ಮಿ ಮಾಡು ಅಂದ್ರಲ್ಲವಾ, ಒಂದು ಕಪ್ಪಿಗೆ ಏನಾಗತೈತಿ?” ಅಂದಾಗ ಅವಳು ಕಂಬಕ್ಕೆ ಒರಗಿ, ಒಂದೊಂದಾಗಿ ಎಲ್ಲಾ ಹೇಳಿದಳು. ಅಳಲಿಲ್ಲ. ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಅಪ್ಪನಿಗೆ ಅದನ್ನು ನೋಡಿಯೇ ಹೆದರಿಕೆಯಾಯಿತು. ಮಗಳು ಇಷ್ಟು ಸಣ್ಣಗಾಗಿದ್ದನ್ನು, ಕೆನ್ನೆಯ ಎಲುಬು ಎದ್ದದ್ದನ್ನು ಅವನು ಆಗ ಸರಿಯಾಗಿ ನೋಡಿದ.

“ನಾಳೆ ಡಾಕ್ಟ್ರಮ್ಮನ ಕಡೆ ಹೋಗಿ ಬಾ. ನಾ ಬರ್ಲೇನು?”

“ಬ್ಯಾಡಪಾ. ನಾನ ಹೋಗತೀನಿ.”

ಡಾಕ್ಟರಮ್ಮನಿಗೆ ಅವಳ ಗುರುತು ಹತ್ತಲಿಲ್ಲ. ಹೋಟೆಲ್ ದೊಡ್ಡಬಸಪ್ಪನ ಮಗಳು ಅಂದ ಮೇಲೆ ನೆನಪಾಯಿತು. ಕಣ್ಣರೆಪ್ಪೆ ಎಳೆದು ನೋಡಿ, “ರಕ್ತ ಮತ್ತಷ್ಟು ಕಮ್ಮಿ ಆಗೈತಲ್ಲ! ಉಣ್ಣಾಕ ಹೇಳಿದ್ನಲ್ಲ?” ಅಂತ ಗದರಿದಳು.

“ಚಹಾ ಪೂರಾ ಬಿಟ್ಟೀನ್ರಿ. ವರ್ಷದ ಮ್ಯಾಲಾತು. ಆದ್ರೂ ಆಗವಲ್ದು.”

“ಪೂರಾ ಬಿಡು ಅಂತ ಯಾರು ಹೇಳಿದ್ರು?” ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ಅದು ಅಷ್ಟು ದೊಡ್ಡ ಮಾತಲ್ಲವಾ. ಇದ್ದ ಹತ್ತು ಮಾತಿನಾಗ ಅದೊಂದು. ನಿಮ್ಮ ಯಜಮಾನ್ರು ರಾಯಚೂರಿಗೆ ಹೋಗಿ ತಪಾಸಣಿ ಮಾಡಿಸಿದ್ರೇನು? ಅದರಾಗ ಏನು ಬಂತು?”

“ಯಾವ ತಪಾಸಣಿರೀ?”

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ದನಿ ಇಳಿಸಿ ಹೇಳಿದಳು, “ನಿನ್ನ ರಕ್ತ ತೆಗೆಯಾಕ ಕಳಿಸಿದಾಗ ಅವರಿಗೆ ಹೇಳಿದ್ದೆ. ನಿನ್ನೊಳಗ ನನಗೇನೂ ದೋಷ ಕಾಣಲಿಲ್ಲ. ಇಂಥಾದ್ರಾಗ ಗಂಡಸರದೂ ನೋಡಬೇಕಾಗತೈತಿ. ಅದನ್ನ ಮೊದಲು ಮಾಡಸ್ರಿ, ಆಮ್ಯಾಲ ಮುಂದಿನ ಮಾತು ಅಂದಿದ್ದೆ. ಆತ್ರಿ ಅಂತ ತಲಿ ಅಲ್ಲಾಡಿಸಿ ಹೋದ್ರು.”

ಶೇಖರಮ್ಮ ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಎದ್ದು ನಡೆಯುವುದೇ ಬೇಡ ಅನ್ನಿಸುವಷ್ಟು ಮೈ ಭಾರವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ ಗಂಡನ ಆ ಬಾಡಿದ ಮುಖದ ಅರ್ಥ ಅವಳಿಗೆ ಈಗ ಆಗಿತ್ತು.

ಹಬ್ಬ ಮುಗಿಯುವ ತನಕ ನಿಲ್ಲದೆ ಅವಳು ಮಸ್ಕಿಯ ಬಸ್ಸು ಹತ್ತಿದಳು. ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಬಸ್ಸಿಳಿದು ಮನೆಗೆ ಹೋಗದೆ ನೆಟ್ಟಗೆ ಅಂಗಡಿಗೆ ಹೋದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಅಮರಗುಂಡಪ್ಪ ತೊಗರಿಬೇಳೆಯ ಚೀಲದ ಬಾಯಿ ಬಿಚ್ಚುತ್ತಿದ್ದ.

“ಇಷ್ಟು ಲಗೂನ ಬಂದಿ?”

“ಡಾಕ್ಟ್ರಮ್ಮನ ಹತ್ರ ಹೋಗಿದ್ದೆ.”

ಅವನ ಕೈ ನಿಂತಿತು. “ಯಾಕ?”

“ಚಹಾ ಬಿಟ್ರೂ ಯಾಕ ಆಗವಲ್ದು ಅಂತ ಕೇಳಾಕ. ಅವರು ನಿಮ್ಮನ್ನ ಕೇಳಿದ್ರು. ರಾಯಚೂರಿಗೆ ಹೋಗಿದ್ರೇನು ಅಂತ.”

ಅವನು ಚೀಲದ ಮೇಲೆ ಕೂತುಬಿಟ್ಟ. ಬೀದಿಯ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೋ ಅಂತ. “ಅಂಜಿಕಿ ಆತು,” ಅಂದ. “ನಂದ ಅಂತ ಬಂದ್ರ ಊರಾಗ ಹೆಂಗ ಮಾರಿ ತೋರಸಲಿ?”

ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. “ನಂಗ ಜಗಳಾಡಾಕ ಶಕ್ತಿ ಇಲ್ರಿ,” ಅಂದಳು. “ಒಂದ ಮಾತು ಹೇಳತೀನಿ. ಪಾಮನಕಲ್ಲೂರಿಂದ ಆ ಹುಡುಗಿನ್ನ ತರ್ತೀರಿ. ಎರಡು ವರ್ಷಕ್ಕ ಆಕಿಗೂ ಆಗಂಗಿಲ್ಲ. ಆಕಿಗೂ ಇದ ಪಥ್ಯ ಹಿಡಸ್ತೀರಿ. ಆಕಿನೂ ನನ್ನಂಗ ಕುಂದರ್ತಾಳ. ಎರಡು ಮಂದಿನ್ನ ಹಂಗ ನೋಡಾಕ ನಿಮಗ ಮನಸ್ಸೈತೇನು?”

ಅಮರಗುಂಡಪ್ಪ ಮುಂದಿನ ವಾರ, ಸಾಮಾನು ತರುವ ನೆಪ ಹೇಳಿ, ರಾಯಚೂರಿಗೆ ಹೋದ.

ಅಲ್ಲಿನ ತಪಾಸಣೆಯಲ್ಲಿ ದೋಷ ಅವನ ಕಡೆ ಇದ್ದದ್ದು ಕಂಡಿತು. ಬೀಜದ ಮೇಲಿನ ನರ ಉಬ್ಬಿದ್ದಾವೆ, ಹುಬ್ಬಳ್ಳಿಯಲ್ಲಿ ಸಣ್ಣ ಆಪರೇಶನ್ ಮಾಡಿಸಿದರೆ ಸರಿಯಾದರೂ ಆಗಬಹುದು, ಖಾತ್ರಿ ಇಲ್ಲ ಅಂದರು. ಅದನ್ನು ಹೆಂಡತಿಗೆ ಹೇಳುವಾಗ ಅವನು ಕಣ್ಣಲ್ಲಿ ನೀರು ತಂದುಕೊಂಡ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. “ಅವ್ವಗ ಹೇಳಬ್ಯಾಡ,” ಅಂದ. “ಯಾರಿಗೂ ಹೇಳಬ್ಯಾಡ.” ಅವಳು ಆಗಲಿ ಅಂದಳು. ಅವನು ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡು ಬಂದ, ಅಂಬಮ್ಮನ ಮುಂದೆ ಅದು ಹರ್ನಿಯಾದ್ದು ಅಂತ ಹೇಳಿದರು. ಎರಡನೆಯ ಮದುವೆಯ ಮಾತನ್ನು ಅಮರಗುಂಡಪ್ಪ ತಾನೇ ಕಡಿದುಹಾಕಿದ. ಕಾರಣ ಕೇಳಿದರೆ, “ನಂಗ ಬ್ಯಾಡವಾ, ಮುಗೀತು,” ಅನ್ನುತ್ತಿದ್ದ. ಶೇಖರಮ್ಮ ಮುಂಜಾನೆ ಒಂದು, ಸಂಜೆ ಒಂದು ಕಪ್ಪು ಚಹಾ ಕುಡಿಯತೊಡಗಿದಳು. ಅತ್ತೆಯ ಎದುರಿಗೆ ಕುಡಿಯುವ ಧೈರ್ಯವಿರಲಿಲ್ಲ, ಹಿತ್ತಲಲ್ಲಿ ನಿಂತು ಕುಡಿಯುತ್ತಿದ್ದಳು. ಗಂಡನಿಗೆ ಗೊತ್ತಿತ್ತು. ಅವನೂ ಗಿರಾಕಿಗಳ ಜೊತೆ ಕುಡಿಯುವುದನ್ನು ಇಳಿಸಿದ.

ಒಂದೂವರೆ ವರ್ಷದ ಮೇಲೆ, 1993ರ ಬೇಸಗೆಯಲ್ಲಿ, ಅವಳಿಗೆ ಮುಟ್ಟು ನಿಂತಿತು. ಹೆರಿಗೆ ಕಷ್ಟದ್ದಾಯಿತು. ಮೈಯಲ್ಲಿ ರಕ್ತವಿರಲಿಲ್ಲ, ಬಾಟಲಿ ಏರಿಸಿದರು. ಹೆಣ್ಣು ಕೂಸು. ಎಲ್ಲರೂ ಸಕ್ಕರೆ ಹಂಚುವಾಗ ಶೇಖರಮ್ಮನಿಗೆ ಕಣ್ಣು ಬಿಡುವುದೂ ಬೇಡವಾಗಿತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇನಾ, ಸಂತೋಷ ಯಾಕೆ ಬರವಲ್ದು ಅಂತ ಅವಳಿಗೇ ಗಾಬರಿಯಾಗಿತ್ತು. ಅದು ನಿಧಾನಕ್ಕೆ ಬಂತು, ಕೂಸು ಅವಳ ದನಿಗೆ ತಲೆ ತಿರುಗಿಸುವಷ್ಟಾದಾಗ.

ಓಣಿಯಲ್ಲಿ ಮಾತ್ರ ಒಂದೇ ಸುದ್ದಿ. ಚಹಾ ಬಿಟ್ಟಳು, ಕೂಸಾಯಿತು. ಅಂಬಮ್ಮ ಅದನ್ನು ಹೋದಲ್ಲೆಲ್ಲ ಹೇಳಿದಳು. ಸೊಸೆಯ ಬಗ್ಗೆ ಅವಳಿಗೆ ಈಗ ಹೆಮ್ಮೆ. “ನಮ್ಮ ಶೇಖ್ರಮ್ಮ ಹಲ್ಲು ಕಚ್ಚಿ ಪಥ್ಯ ಮಾಡಿದ್ಲು,” ಅನ್ನುತ್ತಿದ್ದಳು. ಹೊಸದಾಗಿ ಮದುವೆಯಾದವರ ಅತ್ತೆಯಂದಿರು ಕೇಳಿಕೊಂಡು ಹೋಗುತ್ತಿದ್ದರು. ಶೇಖರಮ್ಮ ಕೇಳಿಸಿಕೊಂಡು ಸುಮ್ಮನಿದ್ದಳು. ಗಂಡನಿಗೆ ಮಾತು ಕೊಟ್ಟಿದ್ದಳು. ಮೇಲಾಗಿ ಕೂಸಿನ ಕೆಲಸ, ಮನೆಯ ಕೆಲಸ ಮುಗಿದ ಮೇಲೆ ಅವಳಲ್ಲಿ ವಾದ ಮಾಡುವ ತ್ರಾಣ ಉಳಿಯುತ್ತಿರಲಿಲ್ಲ.

ಅವರ ಹಿತ್ತಲಿಗೆ ಹತ್ತಿದ ಮನೆ ಆದಮ್ಮನದು. ಕೂಲಿ ಮಾಡಿ ಬಾಳುವ ಹೆಂಗಸು. ಅವಳ ಮಗ ಕನಕರಾಯ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಸೊಸೆ ಪಂಪಮ್ಮ ಅತ್ತೆಯ ಜೊತೆ ಕೂಲಿಗೆ ಹೋಗುತ್ತಿದ್ದಳು. ಮದುವೆಯಾಗಿ ಮೂರು ವರ್ಷವಾದರೂ ಪಂಪಮ್ಮನಿಗೆ ಮಕ್ಕಳಾಗಿರಲಿಲ್ಲ. ಮಳೆಗಾಲದಲ್ಲಿ ಸಿಂಧನೂರಿನ ಆಚೆ ದಢೇಸುಗೂರಿನ ಗದ್ದೆಗಳಿಗೆ ನೆಲ್ಲು ಹಚ್ಚಲು ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಇನ್ನೂ ಕತ್ತಲಿರುವಾಗ ಎದ್ದು, ಬುತ್ತಿ ಕಟ್ಟಿಕೊಂಡು, ಒಂದು ಕಪ್ಪು ಸಿಹಿ ಚಹಾ ಕುಡಿದು ಹತ್ತಿದರೆ, ಬುತ್ತಿ ಬಿಚ್ಚುವುದು ಮಧ್ಯಾಹ್ನವೇ. ನಡುವೆ ಗದ್ದೆಯ ಮಾಲೀಕರು ಬದುವಿಗೆ ಕೆಟಲಿನಲ್ಲಿ ಚಹಾ ಕಳಿಸುತ್ತಿದ್ದರು. ಬಗ್ಗಿದ ಬೆನ್ನು ಎತ್ತಲು ಸಿಗುತ್ತಿದ್ದ ಹೊತ್ತು ಅದೊಂದೇ.

1996ರ ಆ ಹಂಗಾಮಿನಲ್ಲಿ ಆದಮ್ಮ ಸೊಸೆಯ ಚಹಾ ಬಿಡಿಸಿದಳು. ಅಂಬಮ್ಮ ಹೇಳಿಕೊಟ್ಟದ್ದೇ ಹಾಗೆ. ಎಲ್ಲರೂ ಬದುವಿಗೆ ಹೋಗಿ ಕುಡಿಯುವಾಗ ಪಂಪಮ್ಮ ಕೆಸರಿನಲ್ಲೇ ನಿಂತು ಸಸಿ ಹಚ್ಚುತ್ತಿದ್ದಳು. ಒಂದು ದಿನ ಹಾಗೇ ಮುಂದಕ್ಕೆ ಮುಗ್ಗರಿಸಿ ಬಿದ್ದಳು. ಮುಖ ನೀರಿನಲ್ಲಿ ಮುಳುಗಿತ್ತು. ಪಕ್ಕದವಳು ಜುಟ್ಟು ಹಿಡಿದು ಎತ್ತದಿದ್ದರೆ ಉಸಿರೇ ಹೋಗುತ್ತಿತ್ತೇನೋ. ಟೆಂಪೋದಲ್ಲಿ ಮಲಗಿಸಿಕೊಂಡು ಮನೆಗೆ ತಂದರು.

ಶೇಖರಮ್ಮ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ನೋಡಲು ಹೋದಾಗ ಅಂಬಮ್ಮ ಆಗಲೇ ಅಲ್ಲಿ ಕೂತಿದ್ದಳು. ಪಂಪಮ್ಮ ಕೌದಿಯ ಮೇಲೆ ಬಿದ್ದಿದ್ದಳು. ಕೂದಲಲ್ಲಿ ಇನ್ನೂ ಕೆಸರಿತ್ತು.

“ಶುರುವಿಗೆ ಹಂಗ ಆಗತೈತಿ,” ಅಂತ ಅಂಬಮ್ಮ ಆದಮ್ಮನಿಗೆ ಸಮಾಧಾನ ಹೇಳುತ್ತಿದ್ದಳು. “ನಮ್ಮ ಶೇಖ್ರಮ್ಮಗೂ ತಲಿ ಒಡೀತಿತ್ತು. ಬಿಡಿಸಬ್ಯಾಡ ನೀ ಪಥ್ಯ. ಕೇಳು ಬೇಕಾದ್ರ ಈಕಿನ್ನ.”

ಪಂಪಮ್ಮ ಕಣ್ಣು ತೆರೆದು ಶೇಖರಮ್ಮನ ಕಡೆ ನೋಡಿದಳು. “ಎಷ್ಟು ದಿನಕ್ಕ ಆತಕ್ಕಾ ನಿಂಗ?” ಅಂತ ಕೇಳಿದಳು. ಆ ದನಿಯಲ್ಲಿ ದೂರಿರಲಿಲ್ಲ, ಬರೀ ಆಸೆ ಇತ್ತು. ಇನ್ನೂ ಎಷ್ಟು ತಡೆದುಕೊಳ್ಳಬೇಕು ಅಂತ ತಿಳಿಯುವ ಆಸೆ.

ಶೇಖರಮ್ಮ ಕೂಸನ್ನು ಕೆಳಗಿಳಿಸಿದಳು.

“ನಂಗ ಕೂಸಾಗಿದ್ದು ಚಹಾ ಬಿಟ್ಟಿದ್ದಕ್ಕಲ್ಲ, ಪಂಪಮ್ಮ,” ಅಂದಳು. “ಬಿಟ್ಟಾಗ ಒಂದು ವರ್ಷ ಏನೂ ಆಗಲಿಲ್ಲ. ಡಾಕ್ಟ್ರಮ್ಮ ಕಮ್ಮಿ ಮಾಡು, ಹೊಟ್ಟಿಗೆ ಉಣ್ಣು ಅಂದಿದ್ರು. ನಾ ದಿನಾ ಅಷ್ಟಷ್ಟು ಕುಡಿಯಾಕಿ, ಅದಕ್ಕ ಹೇಳಿದ್ರು. ನೀ ಕುಡಿಯೋದ ಎರಡು ಕಪ್ಪು. ಮುಂಜಾನೆ ಅದರಾಗಿನ ಸಕ್ರಿ, ಹಾಲು ಬಿಟ್ರ ನಿನ್ನ ಹೊಟ್ಟಿಗೆ ಮತ್ತೇನು ಬೀಳತಿತ್ತು?”

“ಏನ ಮಾತಾಡಾಕತ್ತಿ ನೀ?” ಅಂದಳು ಅಂಬಮ್ಮ.

“ಖರೆ ಮಾತಾಡಾಕತ್ತೀನ್ರಿ ಅತ್ತಿ. ನಮ್ಮನಿಯವರಿಗೆ ಆಗಿದ್ದು ಹರ್ನಿಯಾ ಅಲ್ಲ. ದೋಷ ಅವರ ಕಡಿಗಿತ್ತು. ಹುಬ್ಬಳ್ಳ್ಯಾಗ ಆಪರೇಶನ್ ಆತು, ಆಮ್ಯಾಲ ಬಸುರು ನಿಂತತು. ಡಾಕ್ಟ್ರಮ್ಮ ಮೊದಲನ ಹೇಳಿದ್ರು, ಇಬ್ಬರದೂ ನೋಡಬೇಕು ಅಂತ.” ಅವಳು ಆದಮ್ಮನ ಕಡೆ ತಿರುಗಿದಳು. “ನಿನ್ನ ಮಗನ್ನೂ ಕಳಿಸಿ ತೋರಸವಾ. ಈಕಿನ್ನ ಒಬ್ಬಾಕಿನ್ನ ಒಣಗಸಬ್ಯಾಡ.”

ಅಂಬಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಅವಳಿಗೆ ಅಷ್ಟು ವಯಸ್ಸಾಗಿದೆ ಅಂತ ಶೇಖರಮ್ಮನಿಗೆ ಆವರೆಗೆ ಅನ್ನಿಸಿರಲಿಲ್ಲ.

ಸುದ್ದಿ ಸಂಜೆಯೊಳಗೆ ಅಂಗಡಿ ಮುಟ್ಟಿತು. ಅಮರಗುಂಡಪ್ಪ ಮನೆಗೆ ಬಂದು ಹೆಂಡತಿಯನ್ನು ಕೇಳಿದ್ದು ಒಂದೇ ಮಾತು. “ಹೇಳಂಗಿಲ್ಲ ಅಂದಿದ್ಯಲ್ಲ?”

“ಅಂದಿದ್ದೆ.”

“ಮತ್ತ?”

“ಆ ಹುಡುಗಿ ಮಾರಿ ನೋಡಿದ ಮ್ಯಾಲ ಆಗಲಿಲ್ಲ. ಬೈರಿ ಬೇಕಾದ್ರ.”

ಅವನು ಬೈಯಲಿಲ್ಲ. ಮಾತು ಬಿಟ್ಟ. ಮಧ್ಯಾಹ್ನದ ಊಟವನ್ನು ಅಂಗಡಿಗೇ ತರಿಸಿಕೊಳ್ಳತೊಡಗಿದ. ಗಿರಾಕಿಗಳು ಹೋದ ಮೇಲೆ ಹಿಂದೆ ನಗುತ್ತಾರೆ ಅಂತ ಅವನಿಗೆ ಅನ್ನಿಸುತ್ತಿತ್ತು. ಕೆಲವರು ನಕ್ಕದ್ದೂ ನಿಜ. ಅತ್ತೆಯೂ ಮಾತಾಡುತ್ತಿರಲಿಲ್ಲ. ಮೊಮ್ಮಗಳನ್ನು ಮಾತ್ರ ಎತ್ತಿಕೊಂಡು ತಿರುಗುತ್ತಿದ್ದಳು. ಶೇಖರಮ್ಮ ಆ ಮನೆಯಲ್ಲಿ ಅಡುಗೆ ಮಾಡಿದಳು, ಬಡಿಸಿದಳು, ಪಾತ್ರೆ ತಿಕ್ಕಿದಳು. ಹೇಳಿದ್ದು ತಪ್ಪು ಅಂತ ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಆದರೆ ಆ ಮೌನದೊಳಗೆ ಓಡಾಡುವುದು ಕೆಸರಿನಲ್ಲಿ ಕಾಲು ಕಿತ್ತು ಇಟ್ಟ ಹಾಗಾಗುತ್ತಿತ್ತು.

ಹೀಗೇ ಒಂದು ತಿಂಗಳಾಗಿರಬೇಕು. ಒಂದು ಮುಂಜಾನೆ ಕನಕರಾಯ ಅಂಗಡಿಗೆ ಬಂದ. ಏನು ಬೇಕು ಅಂದರೆ ಏನೂ ಹೇಳದೆ ನಿಂತ. ಬೇರೆ ಗಿರಾಕಿಗಳು ಹೋಗುವ ತನಕ ಕಾದು, ನೆಲ ನೋಡುತ್ತಾ ಕೇಳಿದ, “ಸಾವ್ಕಾರ್ರ, ರಾಯಚೂರಾಗ ಅದು ಎಲ್ಲಿ ನೋಡ್ತಾರ್ರಿ? ಒಬ್ಬಾವನ ಹೋಗಾಕ ಒಂಥರಾ ಆಗತೈತಿ.”

ಅಮರಗುಂಡಪ್ಪ ಅವನನ್ನು ನೋಡಿದ. ಟ್ರ್ಯಾಕ್ಟರ್ ಮೇಲೆ ಎದೆ ಸೆಟೆದು ಕೂಡುವ ಹುಡುಗ, ಇಲ್ಲಿ ಉಗುರು ಕಚ್ಚುತ್ತಾ ನಿಂತಿದ್ದ.

“ನಡಿ,” ಅಂದ. “ನಾನೂ ಬರ್ತೀನಿ.”

ಅಂಗಡಿಯ ಬಾಗಿಲು ಹಾಕಿ, ಹೋಗುವಾಗ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು, “ಕನಕರಾಯನ ಜೋಡಿ ರಾಯಚೂರಿಗೆ ಹೊಂಟೀನಿ. ಹೊತ್ತಾಗತೈತಿ,” ಅಂತ ಹೆಂಡತಿಗೆ ಹೇಳಿದ. ತಿಂಗಳ ಮೇಲೆ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಅವಳು ಬುತ್ತಿ ಕಟ್ಟಿಕೊಟ್ಟಳು.

ವರದಿ ಬಂದಾಗ ಕನಕರಾಯನದು ಎಲ್ಲಾ ಸರಿ ಇತ್ತು. ಆಮೇಲೆ ಲಿಂಗಸುಗೂರಿನ ಡಾಕ್ಟರಮ್ಮ ಪಂಪಮ್ಮನನ್ನು ನೋಡಿದಳು. ಅವಳಲ್ಲೂ ದೋಷ ಸಿಗಲಿಲ್ಲ, ರಕ್ತ ಕಮ್ಮಿ ಇದ್ದದ್ದೊಂದು ಬಿಟ್ಟರೆ. ಗುಳಿಗೆ ಕೊಟ್ಟು, ಉಣ್ಣಲು ಹೇಳಿ, ಕಾಯಿರಿ ಅಂದಳು. ಹೀಗೆ ಸುಮ್ಮನೆ ಕಾಯುವ ಮಾತಿಗೆ ಆದಮ್ಮ ಗೊಣಗಿದಳು. ಯಾರದೂ ತಪ್ಪಿಲ್ಲ ಅನ್ನುವುದು ಅವಳಿಗೆ ಅರಗದ ಸಂಗತಿಯಾಗಿತ್ತು. ಆದರೂ ಸೊಸೆಗೆ ಮುಂಜಾನೆ ರೊಟ್ಟಿ ತಿನ್ನಿಸಿಯೇ ಕೂಲಿಗೆ ಕಳಿಸತೊಡಗಿದಳು.

ಅಂಬಮ್ಮ ಮಾತಾಡಲು ಇನ್ನೂ ಹೆಚ್ಚು ದಿನ ತೆಗೆದುಕೊಂಡಳು. ಒಂದು ಮಧ್ಯಾಹ್ನ ಸೊಸೆ ಜೋಳ ಹಸನು ಮಾಡುವಾಗ ಬಂದು ಎದುರಿಗೆ ಕೂತು, ತಾನೂ ಮೊರ ಎಳೆದುಕೊಂಡಳು.

“ನಂಗರ ಹೇಳಬೇಕಿತ್ತು ಬೇ ನೀವು,” ಅಂದಳು. “ನಾ ಹೊರಗಿನಾಕಿ ಏನು?”

ಆ ವರ್ಷಗಳಲ್ಲಿ ಅತ್ತೆಗೆ ಇದನ್ನು ಹೇಳಿದ್ದರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಜೋಳದೊಳಗಿನ ಹರಳು ಆರಿಸುತ್ತಾ ಕೂತರು. ಒಳಗೆ ತೊಟ್ಟಿಲಿಗೆ ದೊಡ್ಡವಳಾದ ಮಗಳು ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಅವಳು ಏಳುವುದರೊಳಗೆ ಮುಗಿಸಬೇಕಾಗಿತ್ತು.